ಅತ್ತಿ ಹಾಡ್ಯಾಡಿ ಅತ್ತ ದಿನ

ಕಿರುಪ್ರಬಂಧಕ್ಕೆ ನಾನು ವಿಷಯ ಆರಿಸಿಕೊಂಡದ್ದು ವಿದ್ವತ್ತಿನಿಂದಲ್ಲ, ಜಂಬದಿಂದ. ಆಗ ನಾನು ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ಭಾಷಾವಿಜ್ಞಾನ ಕಲಿಸುವ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, ಯಾರು ಯಾವುದರ ಮೇಲೆ ಬರೆಯುತ್ತೀರಿ ಎಂದು ಕೇಳುತ್ತಿದ್ದರು. ಮುಂದಿನ ಬೆಂಚಿನವಳು ಒಗಟು ಎಂದಳು. ಅವಳ ಬಾಜು ಕೂತವನು ಬೈಗುಳ ಎಂದು ಹೇಳಿ ಇಡೀ ಕ್ಲಾಸನ್ನು ನಗಿಸಿದ. ನಾನು ಏನನ್ನೂ ಯೋಚಿಸಿರಲಿಲ್ಲ. ಆದರೆ ಅವನಿಗೆ ಬಿದ್ದ ನಗುವಿಗಿಂತ ದೊಡ್ಡದೇನಾದರೂ ನನಗೆ ಬೇಕಾಗಿತ್ತು.

“ನಮ್ಮೂರಾಗ ಯಾರರ ಸತ್ರ ಹೆಣ್ಮಕ್ಳು ಹಾಡ್ಯಾಡಿ ಅಳ್ತಾರ್ರಿ ಮೇಡಂ. ನಮ್ಮತ್ತಿ ಅಳಾಕ ಕೂತ್ಲಂದ್ರ ಕಲ್ಲೂ ಅಳತೈತ್ರಿ. ಅಕಿ ಅಳೂದನ್ನ ಬರಕೊಂಡು ಬರ್ತೀನ್ರಿ,” ಎಂದೆ.

ಯಾರೂ ನಗಲಿಲ್ಲ. ಮೇಡಂ ನಮ್ಮ ಜಿಲ್ಲೆಯದೇ ಸಂಶಿ ಕಡೆಯವರು, ಹಾಡ್ಯಾಡಿ ಅಳುವುದೆಂದರೇನು ಎಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿ, “ನಿಮ್ಮತ್ತಿ ಒಪ್ಪ್ಯಾಳೇನ?” ಎಂದರು.

“ಒಪ್ಪ್ಯಾಳ್ರಿ.”

ಹಸಿ ಸುಳ್ಳು. ಅತ್ತಿಯನ್ನು ನಾನು ಕೇಳಿರಲೇ ಇಲ್ಲ. ಕೇಳಿದ್ದರೂ ಅವಳು ಒಪ್ಪುವವಳಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ತಿರ್ಲಾಪುರದ ಕಡೆ ಸಾವಿನ ಮನೆಗೆ ಹೋದ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವರನ್ನು ಕರೆದು, ಅವರು ಬಾಳಿದ್ದನ್ನು, ಬೈದದ್ದನ್ನು, ಉಣಿಸಿದ್ದನ್ನು ಎರಡೆರಡು ಸಾಲು ಕಟ್ಟಿ ಹಾಡುತ್ತ ಅಳುತ್ತಾರೆ. ಯಾರೂ ಮೊದಲೇ ಬರೆದಿಟ್ಟುಕೊಂಡದ್ದಲ್ಲ. ಆ ಹೊತ್ತಿಗೆ ಹುಟ್ಟಿ ಆ ಹೊತ್ತಿಗೇ ಮುಗಿದುಹೋಗುವ ಹಾಡು. ಅದರಲ್ಲಿ ನಮ್ಮ ಅತ್ತಿಯನ್ನು ಮೀರಿಸಿದವರು ಸುತ್ತ ನಾಲ್ಕು ಹಳ್ಳಿಯಲ್ಲಿ ಇರಲಿಲ್ಲ. ಅತ್ತಿ ಎಂದರೆ ಅಪ್ಪನ ಅಕ್ಕ. ತಂಬೂರು ಎಂಬ ಊರಿಗೆ ಕೊಟ್ಟಿದ್ದರು. ಸಣ್ಣ ವಯಸ್ಸಿನಲ್ಲೇ ಗಂಡ ಸತ್ತ ಮೇಲೆ ಅಪ್ಪನೇ ಹೋಗಿ ಕರೆದುಕೊಂಡು ಬಂದಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಯಜಮಾನಿಕೆ ಅವಳದೇ. ಅವ್ವ ಸೌಮ್ಯ ಸ್ವಭಾವದವಳು, ಅತ್ತಿ ಹೇಳಿದ್ದಕ್ಕೆ ಹೂಂ ಎನ್ನುವವಳು.

ಅಂಥ ಅತ್ತಿ ಅಪ್ಪನಿಗೆ ಅಳಲಿಲ್ಲ. ಕೊರೋನಾ ಎರಡನೆಯ ಸಲ ಬಂದಾಗ ಅಪ್ಪ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ತೀರಿಕೊಂಡ. ಊರಿಗೆ ಹೆಣ ಬರಲಿಲ್ಲ. ಮೈತುಂಬ ಪ್ಲಾಸ್ಟಿಕ್ ತೊಟ್ಟವರು ಅಲ್ಲೇ ಎಲ್ಲೋ ಮಣ್ಣು ಮಾಡಿದರು. ಅದೇ ದಿನ ನಮ್ಮ ಮನೆ ಬಾಗಿಲಿಗೂ ಬೊಂಬು ಕಟ್ಟಿ ಹೋದರು, ಓಣಿಯವರು ಬರುವಂತಿರಲಿಲ್ಲ. ಅವ್ವ, ಅತ್ತಿ, ನಾನು ಪಡಸಾಲೆಯ ಮೂರು ಮೂಲೆಗಳಲ್ಲಿ ಮೂರು ದಿನ ಕೂತೆವು. ಅತ್ತಿ ಬಾಯಿ ತೆಗೆಯುತ್ತಾಳೆ, ತೆಗೆದರೆ ನಮ್ಮದೂ ಹೊರಗೆ ಬರುತ್ತದೆ ಎಂದು ನಾವಿಬ್ಬರೂ ಕಾದೆವು. ಅವಳು ತೆಗೆಯಲಿಲ್ಲ. ಆಮೇಲೆ ಊರಲ್ಲಿ ಯಾರು ಸತ್ತರೂ ಹೋಗುತ್ತಿದ್ದಳು, ಕೂಡುತ್ತಿದ್ದಳು, ಗೋಡೆ ನೋಡಿ ಎದ್ದು ಬರುತ್ತಿದ್ದಳು. ಯಾರೋ ಒತ್ತಾಯ ಮಾಡಿದ್ದಕ್ಕೆ ಒಮ್ಮೆ, “ತಮ್ಮಗ ಅಳಲಾರದ ಬಾಯಿ ಊರ ಮಂದಿಗೆ ಹೆಂಗ ಅಳಬೇಕು?” ಎಂದಿದ್ದಳಂತೆ.

ಅವಳ ಹಾಡನ್ನು ಬರೆದುಕೊಂಡು ಬರುತ್ತೇನೆಂದು ನಾನು ಐವತ್ತು ಮಂದಿಯ ಮುಂದೆ ಹೇಳಿದ್ದೆ. ಮೇಡಂ ನನ್ನ ಹೆಸರಿನ ಮುಂದೆ ಅದನ್ನು ಬರೆದುಕೊಂಡೂ ಆಗಿತ್ತು.

ಹಾಗೆ ಹೇಳುವಷ್ಟು ಸೊಕ್ಕು ನನಗೆ ಎಲ್ಲಿಂದ ಬಂತು ಎಂದರೆ, ಆ ವಿಶ್ವವಿದ್ಯಾಲಯದಿಂದಲೇ ಬಂತು. ಧಾರವಾಡದ ಗುಡ್ಡದ ಮೇಲೆ ಮೊದಲ ದಿನ ಬಸ್ಸಿಳಿದಾಗ ನನ್ನ ಕೈಯಲ್ಲಿ ಒಂದು ಫೈಲು, ಕಾಲಲ್ಲಿ ಹೊಸ ಚಪ್ಪಲಿ ಕಚ್ಚಿದ ಗಾಯ. ಆ ರಸ್ತೆಗಳು, ಆ ಗಿಡಗಳು, ಒಂದೊಂದು ಶಾಸ್ತ್ರಕ್ಕೂ ಒಂದೊಂದು ಕಟ್ಟಡ! ನವಲಗುಂದದ ನಮ್ಮ ಕಾಲೇಜಿನಲ್ಲಿ ಲೈಬ್ರರಿ ಎಂದರೆ ಮೂರು ಕಪಾಟು, ಮೂರಕ್ಕೂ ಕೀಲಿ. ಇಲ್ಲಿ ಕನ್ನಡ ನಿಘಂಟುಗಳಿಗೇ ಒಂದು ಗೋಡೆ. ನಾನು ಪುಸ್ತಕ ತೆಗೆಯದೆ ಆ ಗೋಡೆಯ ಉದ್ದಕ್ಕೂ ಬೆನ್ನುಗಳನ್ನು ಮುಟ್ಟುತ್ತ ನಡೆದೆ. ಇಷ್ಟು ಮಾತು ನಾವು ಆಡಿದ್ದೇವೆಯೇ ಎನಿಸಿ ಕಣ್ಣು ತುಂಬಿತು. ಯಾರಾದರೂ ಬೈದಾರೆಂದು ಕೈ ಹಿಂದೆಗೆದುಕೊಂಡಾಗ ಅಲ್ಲಿನ ಸಿಪಾಯಿ ಕಾಕಾ, “ಮುಟ್ಟವಾ, ಮುಟ್ಟು. ಮುಟ್ಟಿದ್ರ ಸವದು ಹೋಗೂದಿಲ್ಲ. ಮುಟ್ಟಲಿಲ್ಲಂದ್ರ ಹುಳಾ ಹತ್ತತಾವು,” ಎಂದ. ಎರಡು ವರ್ಷ ಆ ಮಾತನ್ನು ಅಗದಿ ಚಾಚೂ ತಪ್ಪದೆ ಪಾಲಿಸಿದೆ.

ಭಾಷಾವಿಜ್ಞಾನದ ಮೊದಲ ಕ್ಲಾಸು ನನಗೆ ಇವತ್ತಿಗೂ ನಿನ್ನೆ ಆದಂತಿದೆ. ಮೇಡಂ ಪುಸ್ತಕ ತರಲಿಲ್ಲ. “ಎಲ್ಲಾರೂ ಗಂಟಲದ ಮ್ಯಾಲ ಎರಡು ಬಟ್ಟು ಇಡ್ರಿ,” ಎಂದರು. ಐವತ್ತು ಮಂದಿ ತಂತಮ್ಮ ಗಂಟಲು ಹಿಡಿದುಕೊಂಡು ಕೂತೆವು. ಹೊರಗಿನಿಂದ ನೋಡಿದವರಿಗೆ ಸಾಮೂಹಿಕ ಆತ್ಮಹತ್ಯೆಯಂತೆ ಕಂಡಿರಬೇಕು. “ಈಗ ಸ್ ಅಂತ ಎಳೀರಿ. ಹಂಗ ಝ್ ಅಂತ ಎಳೀರಿ.” ಮೊದಲನೆಯದಕ್ಕೆ ಗಂಟಲು ಸುಮ್ಮನಿತ್ತು. ಎರಡನೆಯದಕ್ಕೆ ಬೆರಳ ಕೆಳಗೆ ಏನೋ ಗುಂಯ್ಯೆಂದು ನಡುಗಿತು. ಇಪ್ಪತ್ತೊಂದು ವರ್ಷ ಮಾತಾಡಿದ್ದೇನೆ, ಜಗಳಾಡಿದ್ದೇನೆ, ನನ್ನ ಗಂಟಲಲ್ಲೇ ಇದೊಂದು ಬಾಗಿಲು ತೆಗೆದು ಮುಚ್ಚಿ ಆಗುತ್ತಿದೆ ಎಂದು ಯಾರೂ ಹೇಳಿರಲಿಲ್ಲ. ಆ ವಾರ ಊರಿಗೆ ಹೋದಾಗ ಅವ್ವ ಅತ್ತಿ ಇಬ್ಬರಿಂದಲೂ ಮಾಡಿಸಿದೆ. ಅವ್ವ ನಾಚಿಕೊಂಡಳು. ಅತ್ತಿ ಮಾತ್ರ ಗಂಟಲು ಹಿಡಿದು ಐದು ಸಲ ಝೇಂಕರಿಸಿ, “ಹೌದಲ್ಲಬೇ, ಒಳಗ ಜೇನ ಕೂತಂಗ ಆಕ್ಕೈತಿ,” ಎಂದಳು. ಅವಳ ಗಂಟಲಿನಿಂದ ಮಾತಿಗಿಂತ ಬೇರೆಯಾದ ದನಿಯೊಂದು ಹೊರಟದ್ದು ಅಪ್ಪ ಹೋದ ಮೇಲೆ ಅದೇ ಮೊದಲು. ನಾನು ಅದನ್ನು ಗಮನಿಸಿದೆ. ಗಮನಿಸಿದ್ದನ್ನು ಮುಂದೆ ಜಂಬಕ್ಕೆ ಬಳಸಿಕೊಂಡೆ.

ವಿಷಯ ಕೊಟ್ಟು ಬಂದ ಶನಿವಾರ ನಾನು ಅತ್ತಿಯ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಹಸಿಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

“ಯಾರನ್ನ ಕೇಳಿ ಹೇಳಿದಿ?”

“ಯಾರನ್ನೂ ಕೇಳಲಿಲ್ಲ.”

“ಮತ್ತ ಈಗ ನನ್ನ ಯಾಕ ಕೇಳತೀ?”

ಅವಳ ಕಾಲು ಹಿಡಿದುಕೊಂಡೆ. ನಾಟಕ ಅಂದುಕೊಂಡೇ ಹಿಡಿದದ್ದು, ಹಿಡಿದ ಮೇಲೆ ಖರೇನೆ ಅಳು ಬಂತು. ಮೂರು ತಿಂಗಳಲ್ಲಿ ಒಪ್ಪಿಸದಿದ್ದರೆ ಡಿಗ್ರಿ ಇಲ್ಲ ಎಂದೆ. ಅತ್ತಿ ತೊಟ್ಟು ಮುರಿಯುವುದನ್ನು ನಿಲ್ಲಿಸಲಿಲ್ಲ. ಬುಟ್ಟಿ ಖಾಲಿಯಾದ ಮೇಲೆ ಹೇಳಿದಳು: “ನಿಮ್ಮಪ್ಪನ ಮಾತು ತಗೀಬ್ಯಾಡ. ನನ್ನ ಗಂಡನ ಅವ್ವ, ನಮ್ಮತ್ತಿ ಸತ್ತಾಗ ತಂಬೂರಾಗ ಅತ್ತಿದ್ದೆ. ಅತ್ತು ಮುಗದದ್ದು ಅದು. ಅದನ್ನ ಹೇಳತೀನಿ, ಅಳೂದಿಲ್ಲ. ಮನ್ಯಾಗ ಅಲ್ಲ ಮತ್ತ. ಹೆಣಾ ಇಲ್ಲದ ಮನ್ಯಾಗ ಅತ್ರ ಹೆಣಾ ತಾನ ಬರತೈತಿ. ಅಗಸಿ ದಾಟಿ ಹೊಲಕ್ಕ ನಡಿ.”

ಮರುದಿನ ಊರಬಾಗಿಲು ದಾಟಿ ಹತ್ತಿ ಹೊಲದ ಬದುವಿನ ಮೇಲೆ, ಬೇವಿನ ಗಿಡದ ಕೆಳಗೆ ಕೂತೆವು. ನಾನು ಫೋನಿನ ರೆಕಾರ್ಡರ್ ಹಚ್ಚಿ ನಡುವೆ ಇಟ್ಟೆ. ಹೇಳುತ್ತೇನೆ, ಅಳುವುದಿಲ್ಲ ಎಂದಿದ್ದವಳು ಮೊದಲ ಸಾಲನ್ನು ಪಾಠ ಒಪ್ಪಿಸುವ ಹುಡುಗಿಯಂತೆ ಒಣಗಿದ ದನಿಯಲ್ಲಿ ಶುರುಮಾಡಿದಳು. ಎರಡನೆಯ ಸಾಲಿಗೆ ಸೆರಗು ತಲೆಯ ಮೇಲೆ ಬಂತು. ಮೂರನೆಯದಕ್ಕೆ ನಾನು ಅಲ್ಲಿದ್ದೇನೆಂಬುದು ಅವಳಿಗೆ ಮರೆತುಹೋಗಿತ್ತು.

“ಬೈದ ಬಾಯಿ ಎಲ್ಲಿ ಇಟ್ಟಿ ನನ್ನತ್ತೀ,
ಬೈಸಿಕೊಂಡ ಕಿವಿ ಹುಡುಕತಾವ ನನ್ನತ್ತೀ.
ಕೀಲಿ ಟೊಂಕದಾಗ ಸಿಗಿಸಿ ಹೊಂಟಿ ನನ್ನತ್ತೀ,
ಅಡ್ಡಗ್ವಾಡಿ ಬಾಗಲಾ ಯಾರು ತಗೀಬೇಕ ನನ್ನತ್ತೀ.”

ತಂಬೂರಿನಲ್ಲಿದ್ದಷ್ಟು ದಿನವೂ ತನ್ನನ್ನು ಗೋಳುಹೊಯ್ದುಕೊಂಡ ಅತ್ತೆಗೆ ಹಾಡಿದ್ದು ಅದು. ದೂರು ಯಾವುದು, ಪ್ರೀತಿ ಯಾವುದು ಎಂದು ಬಿಡಿಸಲು ಬರುವಂತಿರಲಿಲ್ಲ. ಬಿಡಿಸಲು ಬರಬಾರದು ಎಂದೇ ಕಟ್ಟಿದಂತಿತ್ತು. ಎರಡು ವರ್ಷ ಕಾವ್ಯದ ಪಾಠ ಕೇಳಿದ್ದ ನನಗೆ ರೋಮ ನಿಮಿರಿ ನಿಂತವು. ಒಂದು ದಿನವೂ ಶಾಲೆಗೆ ಹೋಗದ ಈ ಹೆಂಗಸು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಸಾಲು ಕಟ್ಟುತ್ತಿದ್ದಳು.

ರೆಕಾರ್ಡಿಂಗ್ ಕೇಳಿ ಮೇಡಂ ನನ್ನನ್ನು ಕೆಳಗಿನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ದನಿಯನ್ನು ಗೆರೆಗಳಾಗಿ ತೋರಿಸುವ ಕಂಪ್ಯೂಟರಿದೆ. ಅತ್ತಿಯ ಅಳು ಕರಿ ಪರದೆಯ ಮೇಲೆ ಹಸಿರು ಏರುತಗ್ಗಾಗಿ ಹರಿಯಿತು. ಮೇಡಂ ಪೆನ್ಸಿಲಿನ ತುದಿಯಿಂದ ಒಂದೊಂದೇ ಜಾಗ ತೋರಿಸಿದರು. ಬಿಕ್ಕು ಬಂದ ಕಡೆ, ಉಸಿರು ಎಳೆದ ಕಡೆ, ಎಲ್ಲವೂ ಸಾಲಿನ ಅದೇ ಜಾಗದಲ್ಲಿ ಬಿದ್ದಿದ್ದವು. ಹದಿನೆಂಟು ಸಾಲು, ಹದಿನೆಂಟರಲ್ಲೂ ಅಲ್ಲೇ. ಎರಡೆರಡು ಸಾಲು ಮುಗಿದಲ್ಲೆಲ್ಲ ಅಷ್ಟೇ ಉದ್ದದ ಒಂದು ಖಾಲಿ ಜಾಗ. ಅಳುವಾಗ ಕೈಮೀರಿ ಬರುವುದು ಎಂದು ನಾವು ತಿಳಿದ ಬಿಕ್ಕಿಗೂ ಒಂದು ಕಟ್ಟು ಇತ್ತು. ಕೊನೆಗೆ ಮೇಡಂ, “ಒಂದಕ್ಷರ ಬಿಡದಂಗ ಬರಕೋ. ಬಿಕ್ಕೂ ಬರೀಬೇಕು. ತಿಳೀಲಿಲ್ಲಂದ್ರ ಹೋಗಿ ಅಕಿನ್ನ ಕೇಳು, ನಿನ್ನ ತಲಿಯಿಂದ ಹಾಕಬ್ಯಾಡ,” ಎಂದರು.

ತಿಳಿಯದ ಮಾತು ಬಹಳ ಇದ್ದವು. ಆದ್ದರಿಂದ ಮುಂದಿನ ರಜೆಗೆ ನೋಟುಬುಕ್ಕು ಕಟ್ಟಿಕೊಂಡು ಊರಿಗೆ ಹೋದೆ. ಮುಂಜಾನೆ ಹತ್ತರ ಸುಮಾರು. ಅವ್ವ ಎಮ್ಮೆಗೆ ಹುಲ್ಲು ತರಲು ಹೊಲಕ್ಕೆ ಹೋಗಿದ್ದಳು. ಅತ್ತಿ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಫೋನಿನ ಸಣ್ಣ ದನಿಯಲ್ಲಿ ಸಾಲುಗಳು ಸ್ಪಷ್ಟವಾಗಲಿಲ್ಲ ಎಂದು, ಹಾಸ್ಟೆಲ್ ಗೆಳತಿಯಿಂದ ಇಸಿದುಕೊಂಡು ಬಂದಿದ್ದ ಸ್ಪೀಕರ್ ಡಬ್ಬಿಗೆ ಜೋಡಿಸಿದೆ. ಪೂರ್ತಿ ಏರಿಸಿದೆ. ಒಂದೇ ಸಾಲನ್ನು ಹತ್ತು ಸಲ, ಹದಿನೈದು ಸಲ ತಿರುಗಿಸಿ ಕೇಳಿದೆ. ಬಿಕ್ಕಿನಲ್ಲಿ ಮುಚ್ಚಿಹೋದ ಮಾತು ಕೈಗೆ ಸಿಗಲಿಲ್ಲ. ಓಣಿಯ ಕಡೆಯ ಕಿಡಕಿ ತೆರೆದೇ ಇತ್ತು ಎಂಬುದು ನನ್ನ ಗಮನಕ್ಕೇ ಬರಲಿಲ್ಲ. ಅಗಸಿ ದಾಟಿ ಹೊಲಕ್ಕೆ ನಡಿ ಎಂದು ಅತ್ತಿ ಯಾಕೆ ಹೇಳಿದ್ದಳು ಎಂಬುದನ್ನೂ ಆ ಹೊತ್ತಿಗೆ ನಾನು ಪೂರಾ ಮರೆತಿದ್ದೆ. ಓದಿದವರಿಗೆ ಮರೆವು ಜಾಸ್ತಿ.

ಮೊದಲು ಬಂದವಳು ಎದುರು ಮನೆಯ ಆಯಿ. ಎಂಬತ್ತರ ಮುದುಕಿ, ಬಾಯಿಗೆ ಸೆರಗು, ಕಣ್ಣಲ್ಲಿ ಆಗಲೇ ನೀರು. ಹಿಂದೆಯೇ ಬಾಜು ಮನೆಯಾಕೆ, ಬಡಿಯುತ್ತಿದ್ದ ರೊಟ್ಟಿಯ ಹಿಟ್ಟು ಕೈಯಲ್ಲಿ ಹಾಗೆಯೇ. ಅವಳ ಹಿಂದೆ ಇನ್ನಿಬ್ಬರು, ಮೂವರು. ಅವರ ಕಿವಿಗೆ ಮಾತು ಮುಟ್ಟಿರಲಿಲ್ಲ, ಧಾಟಿ ಮುಟ್ಟಿತ್ತು, ಅಷ್ಟೇ ಸಾಕಾಗಿತ್ತು. ವರ್ಷಗಟ್ಟಲೆ ಬಾಯಿ ಬಿಡದ ಅತ್ತಿ ಅಳುತ್ತಿದ್ದಾಳೆಂದರೆ ಸತ್ತದ್ದು ಮನೆಯವರೇ. ಪಡಸಾಲೆಯಲ್ಲಿ ಅವಳು ಕಾಣದಿದ್ದರೆ ಒಳಗೆ ಹೆಣದ ಬಳಿ ಇದ್ದಾಳೆಂದೇ ಅರ್ಥ. ನಮ್ಮಲ್ಲಿ ಸಾವಿನ ಮನೆಯ ಬಾಗಿಲಲ್ಲಿ ನಿಂತು ‘ಯಾರು ಹೋದರು’ ಎಂದು ಕೇಳುವ ರೂಢಿ ಇಲ್ಲ. ಕೇಳಿದರೆ ಸಾವು ಕೇಳಿದವರ ಮನೆಯ ದಾರಿ ಕೇಳುತ್ತದೆ ಅನ್ನುತ್ತಾರೆ. ಅಳುತ್ತಲೇ ಒಳಗೆ ಬರಬೇಕು, ಅಳುತ್ತಲೇ ಕೂಡಬೇಕು. ಸತ್ತವರು ಯಾರೆಂಬುದು ಮೊದಲೇ ಕೂತವರ ಹಾಡಿನಿಂದ ತಾನಾಗಿ ತಿಳಿಯುತ್ತದೆ.

ನಾನು ಗಾಬರಿಯಾಗಿ ಡಬ್ಬಿ ಬಂದ್ ಮಾಡಿದೆ. ಅಳು ಬಂದ್ ಆಗಲಿಲ್ಲ. ಏಳೆಂಟು ಹೆಂಗಸರು ಪಡಸಾಲೆಯಲ್ಲಿ ವರ್ತುಲವಾಗಿ ಕೂತು ಹಾಡುತ್ತಿದ್ದರು.

“ಹೊಂಟ ದಾರಿ ಯಾವದಂತ ಹೇಳಲಿಲ್ಲ,
ಹೊಳ್ಳಿ ನೋಡೂ ವ್ಯಾಳ್ಯಾ ನಿನಗ ಸಿಗಲಿಲ್ಲ.”

ಆ ಗಾಬರಿಯಲ್ಲೂ ನನ್ನ ತಲೆಯೊಳಗಿನ ವಿದ್ಯಾರ್ಥಿನಿ ಎದ್ದು ಕೂತಳು. ಅಣ್ಣಾ ಇಲ್ಲ, ಅವ್ವಾ ಇಲ್ಲ, ಸತ್ತವರು ಗಂಡೋ ಹೆಣ್ಣೋ ಅದೂ ಇಲ್ಲ. ಯಾರಿಗೂ ಸಲ್ಲುವ ಸಾಲು. ಯಾರೆಂದು ತಿಳಿಯುವವರೆಗೆ ಅಳಲು ಬೇಕಾದ ಸಾಲುಗಳನ್ನು ಇವರು ಬೇರೆಯೇ ಇಟ್ಟುಕೊಂಡಿದ್ದರು! ಯಾವ ಪುಸ್ತಕವೂ ನನಗೆ ಇದನ್ನು ಹೇಳಿರಲಿಲ್ಲ. ಹೊಡೆತ ತಿನ್ನಬೇಕಾದ ಹೊತ್ತಿನಲ್ಲಿ ನಾನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ.

ಆಯಿ ನನ್ನ ಕೊರಳಿಗೆ ಬಿದ್ದಳು. “ತಾಯಿಲ್ಲದ ತಬ್ಬಲಿ ಆದ್ಯಲ್ಲ ನನ್ನ ಮಗಳ…”

“ಆಯೀ, ಯಾರೂ ಸತ್ತಿಲ್ಲಬೇ!” ಎಂದು ಕೂಗಿದೆ.

“ಹಂಗ ಅನಸತೈತವ್ವಾ,” ಎಂದು ಅವಳು ನನ್ನ ಬೆನ್ನು ಸವರಿದಳು. “ಮೊದಲಿಗೆ ಹಂಗ ಅನಸತೈತಿ.”

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತು ಅವ್ವ ಬಾಗಿಲಿಗೆ ಬಂದಳು. ತುಂಬಿದ ಪಡಸಾಲೆ, ಅಳುವ ಹೆಂಗಸರು, ಅವರ ನಡುವೆ ನಾನು. ಮನೆಯಲ್ಲಿ ಲೆಕ್ಕಕ್ಕೆ ಸಿಗದಿದ್ದವಳು ಅತ್ತಿ ಒಬ್ಬಳೇ. ಅವ್ವ ಹೊರೆ ಒಗೆದು “ಅಕ್ಕಾ!” ಎಂದು ಕಿರುಚಿ ಅಲ್ಲೇ ಕುಸಿದಳು. ಬದುಕಿದ ಅವ್ವನನ್ನು ಕಂಡು ಆಯಿ ನನ್ನನ್ನು ಬಿಟ್ಟಳು. ಅವ್ವನ ಬೆನ್ನ ಹಿಂದೆ, ಟೊಂಕದ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು, ರೆಪ್ಪೆಯ ಮೇಲೆಲ್ಲ ಗಿರಣಿ ಹಿಟ್ಟು ಬಿದ್ದ ಅತ್ತಿ ನಿಂತಿದ್ದಳು.

ಯಾರೋ ಒಬ್ಬಳು ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡಳು. ಅತ್ತಿ ಸ್ಪೀಕರ್ ಡಬ್ಬಿ ನೋಡಿದಳು, ತೆರೆದ ಕಿಡಕಿ ನೋಡಿದಳು, ನನ್ನನ್ನು ನೋಡಿದಳು. ಭೂಮಿ ಬಾಯಿಬಿಡಬಾರದೇ ಅನಿಸಿತು. ಅತ್ತಿ ಬೈದರೆ ಬೈಸಿಕೊಂಡೇನು, ಆದರೆ ಅವಳು ಇನ್ನೆಂದೂ ನನ್ನ ಮುಂದೆ ಬಾಯಿ ತೆರೆಯದೆ ಹೋದರೆ ಎಂದು ಹೆದರಿಕೆಯಾಯಿತು. ಇದ್ದ ಒಂದು ಹಾಡನ್ನೂ ನಾನು ಸಂತೆಯಲ್ಲಿಟ್ಟಿದ್ದೆ.

ಮೊದಲು ಮಾತಾಡಿದವಳು ಆಯಿ. ಅವಳ ಮುಖದಲ್ಲಿ ನಗು ಇರಲಿಲ್ಲ. “ಹುಡುಗಿ ತಿಳೀಲಾರದ ಮಾಡೇತಿ, ಹೋಗಲಿ. ಆದ್ರ ಅಳು ಬಂದು ಕುಂತೈತಲ್ಲ? ಇದನ್ನ ಹೊಳ್ಳಿ ನಮ್ಮ ನಮ್ಮ ಮನಿಗೆ ಒಯ್ಯಾಕ ಬರೂದಿಲ್ಲ. ಯಾರಿಗರ ಮುಟ್ಟಿಸಿ ಏಳಬೇಕು.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇದು ಅವರಿಗೆ ಚೇಷ್ಟೆಯ ಮಾತಾಗಿರಲಿಲ್ಲ. ಕಣ್ಣೀರು ಹಾಕುತ್ತ ಹೊಸ್ತಿಲು ದಾಟಿ ಬಂದವರು ಸತ್ತವರಿಗೆ ಅದನ್ನು ಒಪ್ಪಿಸದೆ ಹೊರಟರೆ ಅದು ಬೆನ್ನು ಹತ್ತಿ ಮನೆಗೆ ಬರುತ್ತದೆ.

ಅತ್ತಿ ಹಿಟ್ಟಿನ ಡಬ್ಬಿ ಇಳಿಸಿದಳು. ಮುಖದ ಮೇಲಿನ ಹಿಟ್ಟು ಒರೆಸಿಕೊಳ್ಳಲಿಲ್ಲ. “ಅದ್ಯಾಕ ಹೊಳ್ಳಿ ಒಯ್ತೀರಿ?” ಎಂದಳು. “ಈ ಮನ್ಯಾಗ ಯಾರೂ ಅಳಲಾರದ ಸಾವು ಒಂದೈತಿ. ನಿಮಗೂ ಗೊತ್ತೈತಿ. ಅವತ್ತ ನೀವು ಬರೂವಂಗ ಇರಲಿಲ್ಲ. ಇವತ್ತ ಬಂದೀರಿ. ಕುಂದರ್ರಿ.”

ಆಮೇಲೆ ನನ್ನ ಕಡೆ ತಿರುಗಿ, “ಫೋನ್ ಬಂದ್ ಮಾಡು,” ಎಂದಳು. ಬಂದ್ ಮಾಡಿದೆ.

ಅವಳು ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಹಳ ಹೊತ್ತು ಏನೂ ಬರಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಆಮೇಲೆ ಬಂತು.

“ಹೆಗಲ ಮ್ಯಾಲ ಹೊತ್ತು ಬೆಳಸಿದ್ದೆ ನನ್ನ ತಮ್ಮಾ,
ಹೆಗಲ ಕೊಡಾಕ ನಾಕು ಮಂದಿ ಸಿಗಲಿಲ್ಲ ನನ್ನ ತಮ್ಮಾ.
ಗಂಡ ಸತ್ತಾಕಿನ್ನ ಚಕ್ಕಡಿ ಹೂಡಿ ತಂದಿ ನನ್ನ ತಮ್ಮಾ,
ನಿನ್ನ ತರಾಕ ನನಗ ದಾರಿ ಬಿಡಲಿಲ್ಲ ನನ್ನ ತಮ್ಮಾ.”

ಹೊಲದಲ್ಲಿ ಕೇಳಿದ್ದು ಇದರ ಮುಂದೆ ಏನೂ ಅಲ್ಲ. ಒಂದೊಂದು ಜೋಡಿಯ ಕೊನೆಗೂ ಎಲ್ಲ ಹೆಂಗಸರೂ ಒಂದೇ ಉಸಿರಿನಲ್ಲಿ ಬಿಕ್ಕುತ್ತಿದ್ದರು, ಅಷ್ಟರೊಳಗೆ ಅತ್ತಿಗೆ ಮುಂದಿನ ಸಾಲು ಕೂಡಿಬರುತ್ತಿತ್ತು. ಹಾಡುವವಳಿಗೆ ಉಸಿರಾಡಲು ಉಳಿದವರು ಜಾಗ ಮಾಡಿಕೊಡುತ್ತಿದ್ದರು. ಪ್ರಯೋಗಾಲಯದ ಪರದೆಯ ಮೇಲೆ ನಾನು ನೋಡಿದ್ದ ಆ ಖಾಲಿ ಜಾಗ ಇವರದು. ಬದುವಿನ ಮೇಲೆ ಒಬ್ಬಳೇ ಹಾಡಿದಾಗಲೂ ಅವಳು ಅವರಿಗಾಗಿ ಅದನ್ನು ಬಿಟ್ಟಿದ್ದಳು, ಬಾರದವರಿಗಾಗಿ ಕಾದಿದ್ದಳು. ಇದು ತಿಳಿದಾಗ ನನಗೆ ಕೈಮುಗಿಯಬೇಕು ಅನಿಸಿತು, ಯಾರಿಗೆ ಎಂದು ತಿಳಿಯಲಿಲ್ಲ.

ಇದು ಯಾವುದೂ ನನ್ನ ಕಿರುಪ್ರಬಂಧದಲ್ಲಿ ಇಲ್ಲ. ನಾನು ಮೇಡಂಗೆ ಬಾಯಿಮಾತಿನಲ್ಲಿ ಹೇಳಿದೆ. ಅವರು ಕಿಡಕಿಯ ಕಡೆ ತಿರುಗಿ ಕೂತು ಪೂರ್ತಿ ಕೇಳಿ, “ರೆಕಾರ್ಡ್ ಮಾಡಲಿಲ್ಲಲ್ಲ, ಪುಣ್ಯಾ ಕಟ್ಟಿಕೊಂಡಿ,” ಎಂದರು. ತಂಬೂರಿನ ಅತ್ತೆಯ ಹದಿನೆಂಟು ಸಾಲಿನ ಮೇಲೆಯೇ ನನಗೆ ಡಿಗ್ರಿ ಬಂತು. ಆದರೆ ಅವರಿಗೂ ನಾನು ಅತ್ತಿಯ ಹಾಡಿನವರೆಗೆ ಮಾತ್ರ ಹೇಳಿದ್ದೆ. ಅದರ ನಂತರದ್ದನ್ನು ಈಗ ಹೇಳುತ್ತಿದ್ದೇನೆ.

ಅಕ್ಕನಾದವಳು ಹಾಡಿ ಮುಗಿಸಿದ ಮೇಲೆ ಮಗಳ ಸರದಿ. ಎಲ್ಲರೂ ನನ್ನ ಕಡೆ ತಿರುಗಿದರು. ಈ ಹಾಡಿನ ಕಟ್ಟನ್ನು ನಾನು ನೋಟುಬುಕ್ಕಿನಲ್ಲಿ ಮೂರು ಬಣ್ಣದ ಪೆನ್ನಿನಲ್ಲಿ ಬಿಡಿಸಿ ಬರೆದವಳು. ನನಗೆ ಬರುವುದಿಲ್ಲ ಎಂದೆ. ಆಯಿ, “ಕರಿ ಅವನ್ನ, ಮುಂದಿಂದು ಅವನ ಕೊಡತಾನ,” ಎಂದಳು.

ಕರೆದೆ. ನನ್ನಪ್ಪಾ ಎಂದೆ. ಆ ಒಂದು ಕರೆಯ ಹಿಂದೆ, ನಾನು ಹೇಳಬೇಕೆಂದು ಎಂದೂ ಅಂದುಕೊಂಡಿರದ ಮಾತು ಎಳೆದುಕೊಂಡು ಬಂತು.

“ದವಾಖಾನಿ ಗೇಟಿನ್ಯಾಗ ಗಂಟ ಹಿಡದು ನಿಂತಿದ್ದೆ ನನ್ನಪ್ಪಾ,
ಅವ್ವ ಕಟ್ಟಿದ ರೊಟ್ಟಿ ನಿನಗ ಮುಟ್ಟಲಿಲ್ಲ ನನ್ನಪ್ಪಾ.”

ಅಪ್ಪ ಹೋಗುವ ಹಿಂದಿನ ದಿನದ ಮಾತು ಅದು. ಜ್ವರದಲ್ಲೂ ಎದ್ದು ಅವ್ವ ನಸುಕಿನಲ್ಲಿ ರೊಟ್ಟಿ ಬಡಿದು, ಶೇಂಗಾ ಚಟ್ನಿ ಇಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿ ಕೊಟ್ಟಿದ್ದಳು. ಕಾಯಿಪಲ್ಲೆ ಒಯ್ಯುವ ಟೆಂಪೋದಲ್ಲಿ ಕೂತು ನಾನು ಹುಬ್ಬಳ್ಳಿಗೆ ಹೋಗಿದ್ದೆ. ಒಳಗೆ ಬಿಡುವ ನಿಯಮವಿರಲಿಲ್ಲ. ಸಂಜೆ ತಿರುಗಿ ಬಂದಾಗ ಅವ್ವ ಕೇಳಿದ್ದು ಒಂದೇ, “ತಿಂದನೇನ?” ನಾನು “ತಿಂದ,” ಎಂದಿದ್ದೆ. ಮರುದಿನವೇ ಅಪ್ಪ ತೀರಿಕೊಂಡ. ಆಮೇಲೆ ಮಾತಾಡಿಸಲು ಬಂದವರಿಗೆಲ್ಲ ಅವ್ವ ಹೇಳಿಕೊಳ್ಳುತ್ತಿದ್ದ ಸಮಾಧಾನವೂ ಅದೊಂದೇ, ಕಡೇ ತುತ್ತು ನನ್ನ ಕೈದು ತಿಂದು ಹೋದ ಎಂದು.

ಹೆಂಗಸರು ಬಿಕ್ಕಿ ಜಾಗ ಕೊಟ್ಟರು. ಜಾಗ ಕೊಟ್ಟ ಮೇಲೆ ಸುಮ್ಮನಿರಲು ಬರುವುದಿಲ್ಲ.

“ಹಸಿವಿ ತಾಳದ ಪಾಪಿ ನಾನ ತಿಂದೆ ನನ್ನಪ್ಪಾ,
ತಿಂದಾನಂತ ಅವ್ವಗ ಸುಳ್ಳ ಹೇಳಿದೆ ನನ್ನಪ್ಪಾ.”

ಈ ಸಲ ಯಾರೂ ಬಿಕ್ಕಲಿಲ್ಲ. ನಾನು ತಲೆ ಎತ್ತಲಿಲ್ಲ. ಎದುರಿಗೆ ಅವ್ವನ ಕಾಲು ಕಾಣುತ್ತಿತ್ತು, ಹೊಲದ ಕರಿ ಮಣ್ಣು ಬೆರಳ ಸಂದಿನಲ್ಲಿ ಒಣಗಿತ್ತು. ಅವಳ ನೆಮ್ಮದಿಯನ್ನು ನಾನು ಓಣಿಯ ಮುಂದೆ ಕಿತ್ತುಕೊಂಡಿದ್ದೆ.

ಆಮೇಲೆ ನನಗೆ ಪರಿಚಯವಿಲ್ಲದ ಒಂದು ದನಿ ಕೇಳಿತು. ತೆಳ್ಳಗೆ, ನಡುಗುತ್ತ, ಧಾಟಿ ಹುಡುಕುತ್ತ ಬಂದ ದನಿ. ಹುಟ್ಟಿದಾಗಿನಿಂದ ಅವ್ವ ಹಾಡಿದ್ದನ್ನು ನಾನು ಕೇಳಿರಲಿಲ್ಲ.

“ನಿನ್ನ ಪಾಲಿನ ರೊಟ್ಟಿ ಬ್ಯಾರೇ ಕಡೆ ಹೋಗಿಲ್ಲ ನನ್ನ ದೊರಿ,
ನಿನ್ನ ಮಗಳ ಹೊಟ್ಟ್ಯಾಗ ಐತಿ ನನ್ನ ದೊರಿ.”

ಹೆಂಗಸರೆಲ್ಲ ಒಟ್ಟಿಗೆ ಬಿಕ್ಕಿದರು. ಅವ್ವ ಕೂತಲ್ಲಿಂದಲೇ ಸರಿದು ಬಂದು ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು, ಮತ್ತೆ ಮುಂದಿನ ಸಾಲು ಹಾಡಿದಳು.